ಚಪ್ಪರದಡಿ ಪಳಗುವ ಕಿವಿ

ಯುಗಾದಿ ಹತ್ತಿರವಾಗುತ್ತಿದ್ದಂತೆ ಬೆಂಗಳೂರಿನ ಚಾಮರಾಜಪೇಟೆ, ಬಸವನಗುಡಿ, ಮಲ್ಲೇಶ್ವರ, ಜಯನಗರಗಳ ಮನೆಗಳಲ್ಲಿ ಒಂದು ಕಾಗದ ಓಡಾಡತೊಡಗುತ್ತದೆ. ರಾಮೋತ್ಸವದ ಸಂಗೀತ ಕಛೇರಿಗಳ ಆಹ್ವಾನಪತ್ರಿಕೆ. ಈಗ ಅದು ಮೊಬೈಲಿಗೂ ಬರುತ್ತದೆ. ಆದರೂ ಕಾಗದದ ಪ್ರತಿಯನ್ನು ಕೇಳಿ ಪಡೆಯುವವರು ಕಡಿಮೆಯಾಗಿಲ್ಲ, ಪೆನ್ಸಿಲಿನಲ್ಲಿ ಗುರುತು ಹಾಕಿಕೊಳ್ಳಲು ಅದೇ ಬೇಕು. ನಮ್ಮ ರಸಿಕರು ಅದನ್ನು ಓದುವ ಕ್ರಮವೂ ವಿಶೇಷವೇ. ದಪ್ಪಕ್ಷರದಲ್ಲಿರುವ ಗಾಯಕರ ಹೆಸರಿನ ಮೇಲೆ ಒಮ್ಮೆ ಕಣ್ಣಾಡಿಸಿ, ಕೆಳಗೆ ಸಣ್ಣಕ್ಷರದಲ್ಲಿರುವ ಪಿಟೀಲು, ಮೃದಂಗ, ಘಟ, ಖಂಜಿರ, ಮೋರ್ಚಿಂಗ್ ಸಾಲಿಗೆ ಇಳಿಯುತ್ತಾರೆ. ಅಲ್ಲಿ ನಿಧಾನವಾಗಿ ನಿಲ್ಲುತ್ತಾರೆ. ಯಾರ ಜೊತೆ ಯಾರು? ಇವರ ಬಿರುಸಿಗೆ ಆ ಮೃದಂಗ ಹೊಂದೀತೇ? ಆ ಪಿಟೀಲಿನವರು ಇವರ ಆಲಾಪನೆಯನ್ನು ಹಿಂಬಾಲಿಸುತ್ತಾರೋ, ಮುಂದಕ್ಕೆ ತಳ್ಳುತ್ತಾರೋ? ಕಛೇರಿ ಶುರುವಾಗುವುದು ವೇದಿಕೆಯ ಮೇಲಲ್ಲ, ಹಜಾರದಲ್ಲಿ ಕೂತು ನಡೆಸುವ ಈ ಚರ್ಚೆಯಲ್ಲಿ.

ಮುಂದೆ ಒಂದು ತಿಂಗಳು ಊರಿನ ಸಂಜೆಗಳು ಬದಲಾಗುತ್ತವೆ. ರಾತ್ರಿಯ ಅಡುಗೆ ಬೇಗ ಮುಗಿಯುತ್ತದೆ. ಮಕ್ಕಳ ಪರೀಕ್ಷೆ ಮುಗಿದಿದ್ದರೆ ಅವರೂ ಜೊತೆಗೆ ಹೊರಡುತ್ತಾರೆ, ಮುಗಿಯದಿದ್ದರೆ ಅಪ್ಪ ಒಂದು ದಿನ, ಅಮ್ಮ ಒಂದು ದಿನ ಎಂದು ಸರದಿ. ಗಂಟೆಗಟ್ಟಲೆ ಗಟ್ಟಿ ಕುರ್ಚಿಯಲ್ಲಿ ಕೂರಲು ಬೆನ್ನಿಗೆ ಒಂದು ದಿಂಬು, ಬೀಸಣಿಗೆ, ನೀರಿನ ಬಾಟಲಿ, ಮಳೆ ಬಂದರೆ ಇರಲಿ ಎಂದು ಕೊಡೆ.

ಮದರಾಸಿನ ಡಿಸೆಂಬರ್ ಋತುವಿಗೂ ನಮ್ಮ ಈ ಚೈತ್ರಕ್ಕೂ ಹುಟ್ಟಿನಲ್ಲೇ ವ್ಯತ್ಯಾಸವಿದೆ. 1927ರ ಮದರಾಸು ಕಾಂಗ್ರೆಸ್ ಅಧಿವೇಶನದ ಜೊತೆಗೆ ನಡೆದ ಸಂಗೀತ ಸಮ್ಮೇಳನದಿಂದ ಮ್ಯೂಸಿಕ್ ಅಕಾಡೆಮಿ ಹುಟ್ಟಿತು, 1928ರಲ್ಲಿ ಅದರ ಉದ್ಘಾಟನೆಯಾಯಿತು, ಅಲ್ಲಿಂದ ಮಾರ್ಗಳಿಯ ಸಭಾ ಸಂಸ್ಕೃತಿ ಬೆಳೆಯಿತು. ಅಲ್ಲಿ ಸಭಾಂಗಣಗಳು, ಬೆಳಗಿನಿಂದ ರಾತ್ರಿಯವರೆಗೆ ಒಂದರ ಹಿಂದೆ ಒಂದು ಕಛೇರಿ, ಒಂದು ಸಭೆಯಿಂದ ಇನ್ನೊಂದಕ್ಕೆ ಓಡುವ ರಸಿಕರು. ನಮ್ಮಲ್ಲಿ ಇದು ಬಂದದ್ದು ರಾಮಮಂದಿರದ ಭಜನೆಯ ಕಡೆಯಿಂದ. 1892ರಲ್ಲಿ ಚಾಮರಾಜಪೇಟೆ ತಲೆಯೆತ್ತಿತು, ಪ್ಲೇಗಿನ ವರ್ಷಗಳಲ್ಲಿ ಬಸವನಗುಡಿ ಮತ್ತು ಮಲ್ಲೇಶ್ವರ ರೂಪುಗೊಂಡವು. ಹೊಸ ಬಡಾವಣೆಗೆ ಬಂದು ನೆಲೆಸಿದ ಸಂಸಾರಗಳು ಕೂಡಲು ಒಂದು ಜಾಗ ಬೇಕಿತ್ತು. ರಾಮಮಂದಿರ ಅಂಥ ಜಾಗವಾಯಿತು. ನವಮಿಗೆ ಪಾನಕ, ಕೋಸಂಬರಿ, ಮಜ್ಜಿಗೆ, ಜೊತೆಗೆ ಸಂಜೆ ಹಾಡು. ಉತ್ಸವದ ಒಂದು ಸೇವೆಯಾಗಿ ಬಂದ ಸಂಗೀತ ಕ್ರಮೇಣ ಉತ್ಸವವನ್ನೇ ಹೊತ್ತು ನಿಂತಿತು. ಸಂಜೆಗೆ ಒಂದೇ ದೊಡ್ಡ ಕಛೇರಿ, ಅದಕ್ಕೆ ಧಾರಾಳ ಸಮಯ. ಈ ಧಾರಾಳವೇ ನಮ್ಮ ಋತುವಿನ ದೊಡ್ಡ ಗುಣ ಎಂದು ನಾನು ನಂಬಿದ್ದೇನೆ.

ಇದಕ್ಕೆ ದೊಡ್ಡ ಉದಾಹರಣೆ ಚಾಮರಾಜಪೇಟೆಯ ಶ್ರೀ ರಾಮಸೇವಾ ಮಂಡಳಿ. 1939ರಲ್ಲಿ ಅದನ್ನು ಶುರುಮಾಡಿದ ಎಸ್.ವಿ. ನಾರಾಯಣಸ್ವಾಮಿ ರಾವ್ ಆಗಿನ್ನೂ ಹದಿಹರೆಯದ ಹುಡುಗ. ಬೀದಿಯ ಹುಡುಗರು ಕೂಡಿ ಮಾಡಿದ ಪೂಜೆಯೊಂದು, ಕೋಟೆ ಪ್ರೌಢಶಾಲೆಯ ಮೈದಾನದಲ್ಲಿ ತಿಂಗಳಿಗೂ ಮೀರಿ ನಡೆಯುವ ಸಂಗೀತೋತ್ಸವವಾಗಿ ಬೆಳೆದ ಕಥೆ ಅದು. ಎಂ.ಎಸ್. ಸುಬ್ಬುಲಕ್ಷ್ಮಿ, ಬಾಲಮುರಳಿಕೃಷ್ಣ, ಯೇಸುದಾಸ್ ಹಾಡಿದ ಚಪ್ಪರವದು. ಬಿಡಿಸಿ ನೋಡಿದರೆ ಅಲ್ಲಿರುವುದು ತಗಡು, ಬಿದಿರು, ಬಟ್ಟೆ ಮತ್ತು ಸಾಲು ಕುರ್ಚಿಗಳಷ್ಟೇ. ಒಂದು ಕಡೆ ಕೃಷ್ಣರಾಜೇಂದ್ರ ಮಾರುಕಟ್ಟೆಯ ಗದ್ದಲ, ಇನ್ನೊಂದು ಕಡೆ ಬಸ್ಸುಗಳ ಹಾರನ್ನು. ಧ್ವನಿತಂತ್ರಜ್ಞರು ಸಂಗೀತಕ್ಕೆಂದು ಆರಿಸುವ ಜಾಗವಂತೂ ಅಲ್ಲ. ಆದರೆ ಆ ಮೈದಾನದಲ್ಲಿ ಹಾಡದೆ ಬೆಂಗಳೂರಿನಲ್ಲಿ ಹಾಡಿದಂತಾಗಲಿಲ್ಲ ಎಂಬ ಭಾವನೆ ಕಲಾವಿದರ ನಡುವೆ ಬೆಳೆದದ್ದು ಅಲ್ಲಿ ಕೂತ ಜನರಿಂದ. ಮಾರುಕಟ್ಟೆಯಲ್ಲಿ ವ್ಯಾಪಾರ ಮುಗಿಸಿ ಬಂದವರು, ಬ್ಯಾಂಕಿನ ಗುಮಾಸ್ತರು, ಸಂಗೀತ ಕಲಿಯುವ ಹುಡುಗಿಯರು, ಹೊರಗೆ ಸ್ಕೂಟರಿನ ಮೇಲೆ ಕೂತೇ ಪೂರ್ತಿ ಆಲಾಪನೆ ಕೇಳುವವರು. ನಾರಾಯಣಸ್ವಾಮಿ ರಾವ್ 2000ದಲ್ಲಿ ತೀರಿಕೊಂಡರು. ಚಪ್ಪರ ಅನಂತರವೂ ಚೈತ್ರ ಚೈತ್ರಕ್ಕೆ ಏಳುತ್ತ ಬಂದಿದೆ.

ಹಿಂದಿನ ಸಾಲಿನವರ ಚಿಂತೆ ಕಲಾವಿದರಿಗೂ ಇತ್ತು ಎನ್ನುವುದಕ್ಕೆ ನಮ್ಮ ತಿರುಮಕೂಡಲು ಚೌಡಯ್ಯನವರ ಪಿಟೀಲೇ ಸಾಕ್ಷಿ. ಮೈಕಿಲ್ಲದ ಕಾಲದಲ್ಲಿ ಕೊನೆಯಲ್ಲಿ ಕೂತವರಿಗೂ ನಾದ ಮುಟ್ಟಲಿ ಎಂದು ನಾಲ್ಕು ತಂತಿಯ ವಾದ್ಯಕ್ಕೆ ಇನ್ನೂ ಮೂರು ತಂತಿ ಸೇರಿಸಿ ಏಳು ತಂತಿಯ ಪಿಟೀಲು ನುಡಿಸಿದವರು ಅವರು. ಅವರ ಗುರು ಬಿಡಾರಂ ಕೃಷ್ಣಪ್ಪನವರು ಮೈಸೂರಿನ ಶಿವರಾಂಪೇಟೆಯಲ್ಲಿ ರಾಮಮಂದಿರ ಕಟ್ಟಿಸಿದರು. ರಾಮನವಮಿಗೆ ಅಲ್ಲಿ ಹಾಡುವುದು, ನುಡಿಸುವುದು ದೊಡ್ಡ ದೊಡ್ಡ ವಿದ್ವಾಂಸರಿಗೂ ಗೌರವದ ಮಾತಾಯಿತು. ಅರಮನೆಯ ದರ್ಬಾರಿನಲ್ಲಿ ಹಾಡುತ್ತಿದ್ದ ವಿದ್ವಾಂಸರೊಬ್ಬರು ಪೇಟೆಯ ಬೀದಿಯಲ್ಲಿ ಕಛೇರಿಯ ಜಾಗ ಕಟ್ಟಿದರು ಎಂಬುದನ್ನು ಯೋಚಿಸಿದಾಗಲೆಲ್ಲ ನನಗೆ ರೋಮಾಂಚನವಾಗುತ್ತದೆ. ಆಮಂತ್ರಿತರಿಗಷ್ಟೇ ದಕ್ಕುತ್ತಿದ್ದ ನಾದ ದಾರಿಹೋಕರ ಕಿವಿಗೂ ಬಿತ್ತು.

ಒಂದು ಋತುವನ್ನು ಬಿಡದೆ ಕೇಳಿದವರಿಗೆ ಏನು ಸಿಗುತ್ತದೆ? ಒಳ್ಳೆಯ ಕಛೇರಿಯೊಂದನ್ನು ಕೇಳಿದರೆ ಸಂತೋಷ ಸಿಗುತ್ತದೆ. ಬೇರೆ ಬೇರೆಯವರ ಕಛೇರಿಗಳನ್ನು ಬೆನ್ನುಬೆನ್ನಿಗೆ ಕೇಳಿದರೆ ಹೋಲಿಸುವ ಶಕ್ತಿ ಬರುತ್ತದೆ. ತೋಡಿಯನ್ನೇ ತೆಗೆದುಕೊಳ್ಳಿ. ತಿಂಗಳಲ್ಲಿ ಅದು ಮೂರು ನಾಲ್ಕು ಸಲವಾದರೂ ಮುಖ್ಯ ರಾಗವಾಗಿ ಬಂದೇ ಬರುತ್ತದೆ. ಮೊದಲ ಗಾಯಕರು ಮಧ್ಯಸ್ಥಾಯಿಯ ಗಾಂಧಾರದಲ್ಲೇ ಬೀಡುಬಿಡುತ್ತಾರೆ. ಆ ಗಾಂಧಾರ ತೋಡಿಯಲ್ಲಿ ಎಂದೂ ನೆಟ್ಟಗೆ ನಿಲ್ಲದು, ತೂಗುತ್ತಲೇ ಇರಬೇಕು. ತೂಗಾಟ ಎಷ್ಟು, ಎಷ್ಟು ನಿಧಾನ ಎಂಬುದರಲ್ಲೇ ಅವರ ಪಾಠಾಂತರ ಗೊತ್ತಾಗಿಬಿಡುತ್ತದೆ. ವಾರ ಕಳೆದು ಬಂದ ಇನ್ನೊಬ್ಬರು ಪಂಚಮವನ್ನು ಬೇಕೆಂದೇ ಬಿಟ್ಟುಬಿಟ್ಟು ಮಧ್ಯಮದಿಂದ ಧೈವತಕ್ಕೆ ಸಂಚರಿಸುತ್ತಾರೆ. ರಾಗ ಒಮ್ಮೆಲೇ ನಿಗೂಢವಾಗುತ್ತದೆ. ಎಷ್ಟೋ ಹೊತ್ತಿನ ಮೇಲೆ ಪಂಚಮಕ್ಕೆ ಬಂದು ನಿಂತಾಗ ಚಪ್ಪರದ ತುಂಬ ಒಂದು ನಿಟ್ಟುಸಿರು ಕೇಳುತ್ತದೆ. ಮೂರನೆಯವರು ವೈಣಿಕರು. ಮೈಸೂರು ಬಾನಿಯ ವೀಣೆಯಲ್ಲಿ ಮೀಟಿಗೆ ಮೀಟಿನದೇ ಘನತೆ. ಕಂಠದ ಪ್ರತಿಯೊಂದು ಗಮಕವನ್ನೂ ತಂತಿಯಲ್ಲಿ ಎಳೆದು ತರುವ ಹಟ ಅದಕ್ಕಿಲ್ಲ. ಅದರ ವೈಭವವೆಲ್ಲ ತಾನದಲ್ಲಿ. ವೀಣೆ ಶೇಷಣ್ಣನವರ ಪರಂಪರೆಯಿಂದ ವಿ. ದೊರೆಸ್ವಾಮಿ ಅಯ್ಯಂಗಾರ್ಯರ ತನಕ ಹರಿದುಬಂದ ಆ ಗಾಂಭೀರ್ಯವನ್ನು ಕೇಳಿದ ಮೇಲೆ ತೋಡಿ ಎಂದರೆ ಇದೇ ಎಂದು ಖಚಿತವಾಗಿ ಹೇಳುವ ಆಸೆಯೇ ಹೋಗುತ್ತದೆ.

ಈ ಪಾಠ ಯಾವ ಪುಸ್ತಕದಲ್ಲೂ ಸಿಗದು. ಪಕ್ಕದಲ್ಲಿ ಕೂತವರಿಂದ ಸಿಗುತ್ತದೆ. ಆಲಾಪನೆಯ ಮೊದಲ ಎರಡು ಸಂಚಾರಕ್ಕೇ ರಾಗದ ಹೆಸರನ್ನು ಮೆಲ್ಲಗೆ ಪಿಸುಗುಡುವ ಹಿರಿಯರು ನಮ್ಮ ಪ್ರತಿ ಬಡಾವಣೆಯಲ್ಲೂ ಇದ್ದಾರೆ. ಅವರು ಪದವೀಧರ ಸಂಗೀತಗಾರರಲ್ಲ, ಹೆಚ್ಚಿನವರು ಒಂದು ವರ್ಣವನ್ನೂ ವೇದಿಕೆಯಲ್ಲಿ ಹಾಡಿದವರಲ್ಲ. ದರ್ಬಾರೋ ನಾಯಕಿಯೋ ಎಂಬ ಅನುಮಾನ ಎದ್ದಾಗ ಮುಂದಿನ ಸಾಲಿನವರು ಹಿಂದಕ್ಕೆ ತಿರುಗಿ ಅವರ ಮುಖ ನೋಡುತ್ತಾರೆ. ಭೈರವಿ, ಮುಖಾರಿ, ಮಾಂಜಿಗಳ ನಡುವಿನ ಗೆರೆಯನ್ನು ನಾನು ಗುರುತಿಸತೊಡಗಿದ್ದು ಇಂಥವರೊಬ್ಬರ ಪಕ್ಕ ಕೂತು, ಅವರ ಹುಬ್ಬಿನ ಚಲನೆಯನ್ನು ಗಮನಿಸಿ. ಮುಖಾರಿಯ ಪ್ರಯೋಗ ಬಂದಾಗ ಅವರ ಹುಬ್ಬು ಮೇಲೇರುತ್ತಿತ್ತು. ಧ್ವನಿಮುದ್ರಿಕೆ ಕೇಳುವಾಗ ಆ ಹುಬ್ಬು ಇರುವುದಿಲ್ಲ.

ಸಾಹಿತ್ಯದ ಮಾತಿಗೆ ಬಂದರೆ, ರಾಮನವಮಿಯ ಕಛೇರಿಗಳಲ್ಲಿ ಸಹಜವಾಗಿಯೇ ತ್ಯಾಗರಾಜರದು ಸಿಂಹಪಾಲು. ತೆಲುಗು ಬಾರದ ನಮ್ಮ ಅಜ್ಜಿಯರು ಆ ಕೃತಿಗಳನ್ನು ಚರಣದವರೆಗೂ ಬಾಯಿಪಾಠ ಹೇಳುತ್ತಾರೆ. ಮೈಸೂರು ವಾಸುದೇವಾಚಾರ್ಯರು ತೆಲುಗಿನಲ್ಲಿ ರಚಿಸಿದ ಖಮಾಚಿನ ಕೃತಿ ಶುರುವಾದರೆ ಚಪ್ಪರವೇ ನೆಟ್ಟಗಾಗುತ್ತದೆ, ನಮ್ಮವರು ಎಂಬ ಅಭಿಮಾನವೂ ಅದರಲ್ಲಿ ಬೆರೆತಿರುತ್ತದೆ. ಆದರೆ ದೇವರನಾಮಗಳ ವಿಷಯದಲ್ಲಿ ನನಗೆ ಒಂದು ನೋವಿದೆ. ಸರಳೆ ವರಸೆಯಿಂದ ಪಾಠಕ್ರಮ ಹಾಕಿಕೊಟ್ಟ ಪುರಂದರದಾಸರನ್ನು ಸಂಗೀತ ಪಿತಾಮಹರೆಂದು ಕೈಮುಗಿಯುತ್ತೇವೆ. ಕಛೇರಿಯಲ್ಲಿ ಮಾತ್ರ ಅವರಿಗೆ ತಾಳವಾದ್ಯಗಳ ತನಿಯಾದ ಮೇಲೆ ಬರುವ ಪುಟ್ಟ ತುಕ್ಕಡಗಳ ಜಾಗ. ಐದು ನಿಮಿಷ, ಲಘುವಾದ ಒಂದು ರಾಗ, ಅವಸರದ ಒಂದು ಚಪ್ಪಾಳೆ. ಆರ್.ಕೆ. ಶ್ರೀಕಂಠನ್ ಈ ಪದ್ಧತಿಗೆ ಸೊಪ್ಪು ಹಾಕಲಿಲ್ಲ. ಕನ್ನಡದ ರಚನೆಗಳಿಂದಲೇ ಪೂರ್ತಿ ಕಛೇರಿ ಕಟ್ಟಬಹುದೆಂದು ಅವರು ಹಾಡಿಯೇ ತೋರಿಸಿದರು. ದಾಸರ ಪದವೊಂದಕ್ಕೆ ವಿಸ್ತಾರವಾದ ಆಲಾಪನೆ, ನೆರವಲ್, ಕಲ್ಪನಾಸ್ವರಗಳನ್ನು ಕೊಟ್ಟು ಮುಖ್ಯ ಕೃತಿಯಾಗಿ ಹಾಡಿದಾಗ ಅದು ಯಾವ ಮಹಾಕೃತಿಗೂ ಕಡಿಮೆಯಾಗದು. ಅರ್ಥ ತಾನಾಗಿ ತಿಳಿಯುವ ಸಾಲಿನ ಮೇಲೆ ನೆರವಲ್ ನಡೆದಾಗ ಒಂದೊಂದು ತಿರುವೂ ಎದೆಗೆ ನೇರ ಬಂದು ತಾಗುತ್ತದೆ. ನಮ್ಮ ಊರಿನ ಉತ್ಸವಗಳು ವರ್ಷಕ್ಕೆ ಕೆಲವು ಸಂಜೆಗಳನ್ನಾದರೂ ಹೀಗೆ ಕೇಳಿ ಪಡೆಯಬೇಕು. ಕೇಳಿದರೆ ಇಲ್ಲವೆನ್ನುವ ಕಲಾವಿದರು ವಿರಳ.

ಇನ್ನು ತನಿ ಆವರ್ತನ. ಇದರ ಬಗ್ಗೆ ಸ್ವಲ್ಪ ಹೆಚ್ಚೇ ಬರೆಯುತ್ತೇನೆ, ಯಾಕೆಂದರೆ ನಮ್ಮ ಸಭಿಕರು ಅತಿ ಹೆಚ್ಚು ಅನ್ಯಾಯ ಮಾಡುವುದು ಇಲ್ಲಿ. ಗಾಯಕರು ಮೃದಂಗದವರ ಕಡೆ ಕೈ ತೋರುತ್ತಿದ್ದಂತೆ ಅರ್ಧ ಚಪ್ಪರ ಎದ್ದು ಕಾಫಿಗೆ ಹೊರಡುತ್ತದೆ. ಎರಡು ಗಂಟೆಯಿಂದ ಇನ್ನೊಬ್ಬರ ಹಾಡಿಗೆ ಹೆಗಲು ಕೊಟ್ಟ ಕಲಾವಿದರ ಸ್ವಂತ ಸರದಿ ಬಂದಾಗ ಅವರ ಎದುರಿಗೆ ಖಾಲಿ ಕುರ್ಚಿಗಳು. ಲೆಕ್ಕ ಗೊತ್ತಾಗುವುದಿಲ್ಲ, ಅದಕ್ಕೇ ಏಳುತ್ತೇವೆ ಎನ್ನುತ್ತಾರೆ. ಲೆಕ್ಕ ಕಷ್ಟದ್ದಲ್ಲ. ಆದಿತಾಳದಲ್ಲಿ ಒಂದು ಪೆಟ್ಟು, ಮೂರು ಬೆರಳೆಣಿಕೆ, ಮತ್ತೆ ಎರಡು ಸಲ ಪೆಟ್ಟು-ಹುಸಿ, ಒಟ್ಟು 8 ಅಕ್ಷರ. ಅಕ್ಷರಕ್ಕೆ 4ರಂತೆ ಆವರ್ತಕ್ಕೆ 32 ಮಾತ್ರೆ. ಮೃದಂಗದವರು 10 ಮಾತ್ರೆಯ ಒಂದು ಸೊಲ್ಲುಕಟ್ಟನ್ನು ಮೂರು ಸಲ ನುಡಿಸಿ, ನಡುವಿನ ಎರಡು ಕಡೆ ಒಂದೊಂದು ಮಾತ್ರೆ ಬಿಟ್ಟರೆ 32 ತುಂಬಿತು, ತಾಳದ ಮೊದಲ ಪೆಟ್ಟು ಬಂತು. ಇಷ್ಟನ್ನು ಕೈಯಲ್ಲಿ ಹಾಕುತ್ತ ಕೇಳಿ. ಮೊದಲ ಸಲ ಸೊಲ್ಲು ಪೆಟ್ಟಿನ ಮೇಲೆ ಹುಟ್ಟುತ್ತದೆ, ಎರಡನೆಯ ಸಲ ಪೆಟ್ಟುಗಳ ನಡುವೆ ಎಲ್ಲೋ ಜಾರಿ ಬೀಳುತ್ತದೆ, ಮೂರನೆಯ ಸಲ ದಾರಿ ತಪ್ಪಿತು ಎನ್ನುವಷ್ಟರಲ್ಲಿ ಸರಿಯಾಗಿ ಸಮಕ್ಕೆ ಬಂದು ಇಳಿಯುತ್ತದೆ. ಆ ಇಳಿಯುವ ಗಳಿಗೆಯಲ್ಲಿ ನಿಮ್ಮ ಕೈಯೂ ಅಲ್ಲೇ ಇದ್ದರೆ ಆಗುವ ಆನಂದವನ್ನು ಬೇರೆ ಯಾವ ಕಲೆ ಕೊಟ್ಟೀತೋ ನಾನು ಕಾಣೆ. ದೊಡ್ಡ ಮುಕ್ತಾಯಗಳೆಲ್ಲ ಇದೇ ತತ್ವದ ವಿಸ್ತಾರ, ಇನ್ನೂ ಜಟಿಲ, ಇನ್ನೂ ಸೊಗಸು.

ಪಕ್ಕವಾದ್ಯಗಳ ಒಳಗುಟ್ಟುಗಳನ್ನು ಅರಿತರೆ ಕೂರುವ ಮನಸ್ಸು ತಾನಾಗಿ ಬರುತ್ತದೆ. ಮೃದಂಗದ ಎಡಮುಖಕ್ಕೆ ಕಛೇರಿಗೆ ಮುಂಚೆ ಕಲಸಿದ ರವೆಯನ್ನು ಅಂಟಿಸುತ್ತಾರೆ, ಆ ಗುಂಗಿನ ತಗ್ಗು ನಾದ ಬರುವುದು ಅದರಿಂದಲೇ. ಘಟದ್ದು ಬೇರೆ ಕಷ್ಟ. ಸುಟ್ಟ ಮಣ್ಣನ್ನು ಬಿಗಿ ಮಾಡಿ ಶ್ರುತಿಗೆ ತರಲಾಗದು, ಗಾಯಕರ ಶ್ರುತಿಗೆ ಹೊಂದುವ ಘಟವನ್ನೇ ಆರಿಸಿ ತರಬೇಕು. ಖಂಜಿರದ್ದು ಹಲಸಿನ ಮರದ ಬಳೆ, ಅದಕ್ಕೆ ಒಂದು ಕೈ ಅಗಲದ ಚರ್ಮ. ಅಷ್ಟು ಸಣ್ಣ ವಾದ್ಯದಲ್ಲಿ ಮೃದಂಗದ ಪ್ರಶ್ನೆಗೆ ಸರಿಸಮ ಉತ್ತರ ಕೊಡುವುದೆಂದರೆ ಸಾಹಸವೇ. ಬೆಂಗಳೂರಿನಲ್ಲಿ ನೆಲೆಸಿದ ಸುಕನ್ಯಾ ರಾಮಗೋಪಾಲ್ ಘಟವನ್ನು ಕೈಗೆತ್ತಿಕೊಂಡಾಗ ಹೆಂಗಸರು ಈ ವಾದ್ಯ ನುಡಿಸುವುದನ್ನು ಒಪ್ಪುವ ಮನಸ್ಸು ಎಲ್ಲರಿಗೂ ಇರಲಿಲ್ಲ. ಅವರು ನುಡಿಸುತ್ತಲೇ ಹೋದರು, ಘಟಗಳನ್ನು ಸಾಲಾಗಿಟ್ಟು ಘಟತರಂಗವನ್ನೂ ಕಟ್ಟಿದರು. ಇವತ್ತು ಬಡಾವಣೆಯ ಪುಟ್ಟ ಮಂದಿರದ ಕಛೇರಿಯಲ್ಲೂ ಮೃದಂಗದ ಹಿಂದೆ ಒಬ್ಬ ಹುಡುಗಿ ಕೂತಿದ್ದರೆ ಯಾರೂ ಹುಬ್ಬೇರಿಸುವುದಿಲ್ಲ.

ಮಾವಿನ ಮಳೆ ಈ ಋತುವಿಗೆ ತಪ್ಪದ ಅತಿಥಿ. ಏಪ್ರಿಲಿನ ಸಂಜೆ, ಆಲಾಪನೆ ಇನ್ನೇನು ತಾರಸ್ಥಾಯಿ ಷಡ್ಜಕ್ಕೆ ಹತ್ತಬೇಕು, ಅಷ್ಟರಲ್ಲಿ ತಗಡಿನ ಮೇಲೆ ದಪ್ಪ ಹನಿಗಳು. ಕ್ಷಣದಲ್ಲಿ ಯಾವುದೂ ಕೇಳಿಸದು. ತೇವಕ್ಕೆ ಮೃದಂಗದ ಚರ್ಮ ಸಡಿಲವಾಗಿ ಶ್ರುತಿ ಇಳಿಯುತ್ತದೆ. ಕಲ್ಲು ತೆಗೆದು ತಟ್ಟಿ ತಟ್ಟಿ ಏರಿಸಬೇಕು. ಹಿಂದಿನವರು ಕುರ್ಚಿ ಎಳೆದುಕೊಂಡು ವೇದಿಕೆಯ ಹತ್ತಿರ ಬರುತ್ತಾರೆ. ಕರೆಂಟು ಹೋದರಂತೂ ಜನ ಇನ್ನೂ ಮುಂದೆ ಸರಿದು ಕೂರುತ್ತಾರೆ. ಮೈಕಿಲ್ಲದ ಕಂಠವನ್ನು ಅಷ್ಟು ಸಮೀಪದಿಂದ ಕೇಳಿದವರು ಅದನ್ನು ಮರೆಯುವುದಿಲ್ಲ. ಮಳೆಯ ಸಂಜೆಗೆಂದೇ ಅಮೃತವರ್ಷಿಣಿ ಕೇಳಿ ಚೀಟಿ ಕಳಿಸುವವರೂ ಉಂಟು.

ಈಚಿನ ವರ್ಷಗಳಲ್ಲಿ ಕೆಲವು ಒಳ್ಳೆಯ ಬದಲಾವಣೆಗಳಾಗಿವೆ. 2017ರಲ್ಲಿ ಮಾರುಕಟ್ಟೆಯ ಮೆಟ್ರೊ ನಿಲ್ದಾಣ ತೆರೆದ ಮೇಲೆ ದೂರದ ಬಡಾವಣೆಯವರೂ ಕೋಟೆ ಮೈದಾನಕ್ಕೆ ನೆಮ್ಮದಿಯಿಂದ ಬರುತ್ತಾರೆ, ಕೊನೆಯ ಬಸ್ಸಿನ ಭಯಕ್ಕೆ ಮಂಗಳಕ್ಕೆ ಮುಂಚೆ ಏಳಬೇಕಿಲ್ಲ. ಸಂಜೆಯ ಮುಖ್ಯ ಕಛೇರಿಗೆ ಮುನ್ನ ಕಿರಿಯರಿಗೆ ಒಂದು ಗಂಟೆ ಮೀಸಲಿಡುವ ಪದ್ಧತಿಯೂ ಒಳ್ಳೆಯದೇ. ಆದರೆ ಆ ಕಿರಿಯರಲ್ಲಿ ಬಹುಪಾಲು ನಮ್ಮ ಊರಿನವರು, ಅವರಲ್ಲಿ ಕೆಲವರಿಗೆ ನಲವತ್ತು ದಾಟಿದರೂ ಇಳಿಬಿಸಿಲಿನ ಆ ಗಂಟೆಯಿಂದ ಬಡ್ತಿ ಸಿಗುವುದಿಲ್ಲ. ಚೆನ್ನೈನ ಹೆಸರಿದ್ದರೆ ಜನ ಬರುತ್ತಾರೆ ಎನ್ನುವ ಲೆಕ್ಕ ಸಂಘಟಕರದು. ಜನರನ್ನು ತರುವ ಹೊಣೆ ಹೆಸರಿನದ್ದಷ್ಟೇ ಆಗಬಾರದು, ಊರಿನದೂ ಆಗಬೇಕು. ಕಾವೇರಿ ದಂಡೆಯ ರುದ್ರಪಟ್ಟಣ ಎಂಬ ಒಂದು ಹಳ್ಳಿ ಶ್ರೀಕಂಠನ್ ಅವರನ್ನೂ ರುದ್ರಪಟ್ಟಣ ಸಹೋದರರನ್ನೂ ಆರ್.ಕೆ. ಪದ್ಮನಾಭರನ್ನೂ ಕೊಟ್ಟಿತು. ತಂಬೂರಿಯ ಆಕಾರದ ಮಂದಿರವನ್ನು ತನ್ನ ನೆಲದಲ್ಲೇ ಕಟ್ಟಿಕೊಂಡು ಇಂದಿಗೂ ಸಂಗೀತೋತ್ಸವ ನಡೆಸುತ್ತಿದೆ. ಅರಕಲಗೂಡು ತಾಲ್ಲೂಕಿನ ಹಳ್ಳಿಯೊಂದು ತನ್ನವರನ್ನು ಹೀಗೆ ಎತ್ತಿ ಹಿಡಿಯಬಲ್ಲದಾದರೆ ಬೆಂಗಳೂರಿಗೆ ಏನು ಕೊರತೆ?

ಸನ್ಮಾನಗಳ ಬಗ್ಗೆಯೂ ಒಂದು ಮಾತು. ರಾಗ-ತಾನ-ಪಲ್ಲವಿಯ ಬಿಸಿ ಇನ್ನೂ ಗಾಳಿಯಲ್ಲಿರುವಾಗ ಶಾಲು, ಹಾರ, ಭಾಷಣಕ್ಕಾಗಿ ಕಛೇರಿಯನ್ನು ನಿಲ್ಲಿಸುವುದು ಬೇಡ. ದಾನಿಗಳ ಋಣ ದೊಡ್ಡದು, ಅವರಿಲ್ಲದೆ ಚಪ್ಪರವಿಲ್ಲ. ಅವರನ್ನು ಗೌರವಿಸಲು ಕಛೇರಿಗೆ ಮುಂಚಿನ ಹತ್ತು ನಿಮಿಷ ಇದೆ.

ಚೈತ್ರ ಮುಗಿದರೂ ಈ ಕೇಳ್ಮೆಗೆ ಬಿಡುವಿಲ್ಲ. ಬೇಸಗೆ ಕಳೆದು ಭಾದ್ರಪದ ಬಂದರೆ ಮೈಸೂರಿನ ವಾಣಿವಿಲಾಸ ಮೊಹಲ್ಲಾದ ಎಂಟನೇ ಕ್ರಾಸಿನಲ್ಲಿ ಗಣಪತಿಯ ಕಛೇರಿಗಳು. 1960ರ ದಶಕದಿಂದ ನಡೆದುಬಂದ ಆ ಉತ್ಸವಕ್ಕೆ ಒಂದು ಬಡಾವಣೆಯ ಅಡ್ಡರಸ್ತೆಯ ಸಂಖ್ಯೆಯೇ ಹೆಸರು. ದಕ್ಷಿಣ ಭಾರತದ ಯಾವುದೇ ಸಂಗೀತಗಾರರಿಗೆ ಎಂಟನೇ ಕ್ರಾಸ್ ಎಂದರೆ ಸಾಕು, ವಿಳಾಸ ಬೇಕಿಲ್ಲ. ಆಮೇಲೆ ನವರಾತ್ರಿ. 1905ರಲ್ಲಿ ಹುಟ್ಟಿದ ಬೆಂಗಳೂರು ಗಾಯನ ಸಮಾಜದ ವಾರ್ಷಿಕ ಸಮ್ಮೇಳನ ಬೇರೆ.

ಪುಷ್ಯ ಮಾಸದ ಕೃಷ್ಣಪಕ್ಷಕ್ಕೆ ಬಂದಾಗ ಲೆಕ್ಕವೇ ತಿರುಗುಮುರುಗು. ಪಂಚಮಿಗೆ ತ್ಯಾಗರಾಜರ ಆರಾಧನೆ, ಅಮಾವಾಸ್ಯೆಗೆ ಪುರಂದರದಾಸರದು. ತ್ಯಾಗರಾಜರ ಪಂಚರತ್ನ ಕೃತಿಗಳ ಗೋಷ್ಠಿಗೆ ವೇದಿಕೆ ಸಾಲದೆ ಜನ ನೆಲದ ಮೇಲೆಲ್ಲ ಕೂರುತ್ತಾರೆ. ವರ್ಷವಿಡೀ ಕೇಳುತ್ತ ಕೂತವರು ಅಂದು ಪುಸ್ತಕ ತೆರೆದು ಹಾಡಲು ಬರುತ್ತಾರೆ. ನಾಟ, ಗೌಳ, ಆರಭಿ, ವರಾಳಿ, ಶ್ರೀ. ವಿದ್ವಾಂಸರ ಪಕ್ಕ ಬ್ಯಾಂಕಿನ ನಿವೃತ್ತ ನೌಕರರು, ಅವರ ಪಕ್ಕ ಜಂಟಿ ವರಸೆ ಈಗಷ್ಟೇ ಮುಗಿಸಿದ ಹುಡುಗಿ. ನಾಟ ಸ್ವಲ್ಪ ಹಿಂದೆ ಮುಂದೆ ಆಗುತ್ತದೆ. ಆರಭಿಯ ಹೊತ್ತಿಗೆ ಎಲ್ಲರೂ ಒಂದೇ ಕಾಲಪ್ರಮಾಣಕ್ಕೆ ಬಂದಿರುತ್ತಾರೆ. ಆಮೇಲೆ ವರಾಳಿಯ ಉದ್ದುದ್ದ ಚರಣಗಳು ಬರುತ್ತವೆ, ಪುಸ್ತಕವಿಲ್ಲದವರು ಪಕ್ಕದವರ ಪುಸ್ತಕಕ್ಕೆ ಬಾಗುತ್ತಾರೆ, ಬೆರಳಿಟ್ಟು ಸಾಲು ತೋರಿಸುವವರು ತೋರಿಸುತ್ತಾರೆ, ಹಾಡು ಮುಂದೆ ಸಾಗುತ್ತದೆ.